ಹಿಂಬರಹ ಇಲ್ಲದ ತಿರಸ್ಕಾರ

ಪೋಸ್ಟು ಉದ್ದ ಇದೆ, ಪುರಸೊತ್ತು ಮಾಡ್ಕೊಂಡು ಓದಿ. ಪದಗಳ ನಡುವೆ ಚುಕ್ಕಿ ಇಡದೆ ಬರೆದಿದ್ದೀನಿ, ಹಾಗಾಗಿ ಇದು ಎಷ್ಟು ಹೊತ್ತು ಇಲ್ಲಿರುತ್ತೋ ಗೊತ್ತಿಲ್ಲ. ಮೊದಲು ಕಾಪಿ ಮಾಡಿಟ್ಕೊಳ್ಳಿ.

ನಮ್ಮ ಗುಂಪುಗಳಲ್ಲಿ ಕೆಲವು ವರ್ಷದಿಂದ ಒಂದು ಹೊಸ ಬರವಣಿಗೆ ಶುರುವಾಗಿದೆ, ಗಮನಿಸಿದ್ದೀರಾ? ಹೊಲೆಯ ಅಂತ ಯಾರೂ ನೇರ ಬರೆಯಲ್ಲ, ‘ಹೊ.ಲೆ.ಯ’ ಅಂತಾರೆ. ಮಾದಿಗ ಅನ್ನೋದು ‘ಮಾ*ಗ’ ಆಗಿದೆ. ಕೊಲೆಗೆ ಗೆರೆ, ಅತ್ಯಾಚಾರಕ್ಕೆ ಚುಕ್ಕಿ. ಮಾರ್ಚ್ 11ಕ್ಕೆ ಕಂಬಾಲಪಲ್ಲಿ ನೆನಪಿನ ಬರಹ ಹಾಕಿದ ಹುಡುಗನೊಬ್ಬ, 2000ನೇ ಇಸವಿಯಲ್ಲಿ ನಮ್ಮ ಏಳು ಜನರನ್ನ ಜೀವಂತ ‘ಸು*ಟ್ಟರು’ ಅಂತ ಬರೆದಿದ್ದ. ಸುಟ್ಟರು ಅನ್ನೋಕೂ ನಕ್ಷತ್ರ ಯಾಕಪ್ಪಾ ಅಂತ ಕೇಳಿದೆ. ‘ಅಣ್ಣ, ನೇರ ಬರೆದ್ರೆ ಹೋಗ್ಬಿಡುತ್ತೆ’ ಅಂದ. ಯಾರು ತೆಗೀತಾರೆ ಅಂದೆ. ‘ಯಾರೂ ಇಲ್ಲ ಅಣ್ಣ, ಅದೇ ತೆಗೆಯುತ್ತೆ.’

ಆ ‘ಅದೇ’ ಅನ್ನೋದು ಯಾವುದು, ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದೆ. ಅದನ್ನ ನಿಮ್ಮ ಮುಂದೆ ಇಡ್ತಿದ್ದೀನಿ.

ನಮ್ಮ ಮಾತಿಗೆ ಬಾಗಿಲು ಹಾಕೋದು ಹೊಸದೇನಲ್ಲ. 1920ರ ಜನವರಿ 31ರಂದು ಬಾಬಾಸಾಹೇಬರು ‘ಮೂಕನಾಯಕ’ ಶುರು ಮಾಡಿದಾಗ, ದುಡ್ಡು ಕೊಡ್ತೀವಿ ಅಂದರೂ ‘ಕೇಸರಿ’ ಪತ್ರಿಕೆ ಅದರ ಜಾಹೀರಾತು ಹಾಕಲಿಲ್ಲ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದ ಕಥೆ ನಿಮಗೆಲ್ಲ ಗೊತ್ತು. ತಾವೇ ಅಧ್ಯಕ್ಷರಾಗಿ ಬನ್ನಿ ಅಂತ ಕರೆದರು. ಭಾಷಣ ಓದಿ ನೋಡಿ ಬೆವರಿದರು. ವೇದ ಶಾಸ್ತ್ರಗಳ ಬಗ್ಗೆ ಇರೋ ಮಾತು ತೆಗೀರಿ, ಧರ್ಮ ಬಿಡ್ತೀನಿ ಅನ್ನೋ ಮಾತು ತೆಗೀರಿ ಅಂತ ಕಾಗದ ಬರೆದರು. ಒಂದು ಅಲ್ಪವಿರಾಮವನ್ನೂ ಬದಲಾಯಿಸಲ್ಲ ಅಂತ ಬಾಬಾಸಾಹೇಬರು ಉತ್ತರ ಕೊಟ್ಟರು. ಸಮ್ಮೇಳನ ರದ್ದಾಯಿತು. ಅವರು ತಮ್ಮದೇ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಅದೇ ‘ಜಾತಿ ವಿನಾಶ’.

ಇಲ್ಲಿ ನಾವು ಹೆಚ್ಚು ಮಾತಾಡದ ಒಂದು ವಿಷಯ ಇದೆ. ಬಾಬಾಸಾಹೇಬರು ಭಾಷಣ ಒಂದನ್ನೇ ಅಚ್ಚು ಹಾಕಿಸಲಿಲ್ಲ. ಮಂಡಲದವರು ಬರೆದ ಕಾಗದ, ತಾವು ಕೊಟ್ಟ ಉತ್ತರ, ಎಲ್ಲವನ್ನೂ ಪುಸ್ತಕದ ಮೊದಲಲ್ಲೇ ಸೇರಿಸಿದರು. ಯಾರು ತಡೆದರು, ಯಾವ ಮಾತಿಗೆ ತಡೆದರು, ಏನು ಕಾರಣ ಕೊಟ್ಟರು ಅಂತ ಇವತ್ತಿಗೂ ನಾವು ಓದಬಹುದು. ಜಾತಿ ಒಡೀತೀವಿ ಅಂತ ಹೊರಟವರ ಧೈರ್ಯ ಎಲ್ಲಿಗೆ ಮುಗೀತು ಅನ್ನೋದು ಅವರದೇ ಅಕ್ಷರದಲ್ಲಿ ದಾಖಲಾಗಿದೆ.

ನಾನು ಗುಮಾಸ್ತ. ಹದಿನೆಂಟು ವರ್ಷದಿಂದ ಟಪಾಲು, ಕಡತ, ಟಿಪ್ಪಣಿ ಇದೇ ನನ್ನ ಬದುಕು. ಸರ್ಕಾರಿ ಕಚೇರಿ ಎಷ್ಟೇ ಕೆಟ್ಟಿರಲಿ, ಅರ್ಜಿ ತಿರಸ್ಕಾರ ಮಾಡಿದರೆ ಹಿಂಬರಹ ಕೊಡಬೇಕು. ‘ಇಂಥ ಕಾರಣಕ್ಕೆ ನಿಮ್ಮ ಅರ್ಜಿ ಪರಿಗಣಿಸಲು ಬರುವುದಿಲ್ಲ’ ಅಂತ ಎರಡು ಸಾಲು, ಕೆಳಗೆ ಒಂದು ಸಹಿ. ಆ ಸಹಿ ಹಿಡ್ಕೊಂಡು ಮೇಲ್ಮನವಿಗೆ ಹೋಗಬಹುದು, ಕೋರ್ಟಿಗೆ ಹೋಗಬಹುದು, ಬೀದಿಗೂ ಹೋಗಬಹುದು. ನಮ್ಮ ಎಷ್ಟೋ ಭೂಮಿ ಹೋರಾಟ ಶುರುವಾಗಿದ್ದೇ ಒಂದು ಹಿಂಬರಹದಿಂದ.

ಈಗ ಮಿಷನ್ನಿಗೆ ಬರೋಣ.

ಮೊದಮೊದಲು ಅದು ಬರೀ ಪದಗಳ ಪಟ್ಟಿ. ಅಮೆರಿಕ ಆನ್‌ಲೈನ್ ಅಂತ ಒಂದು ಕಂಪನಿ 1995ರಲ್ಲಿ ‘ಸ್ತನ’ ಅನ್ನೋ ಅರ್ಥದ ಇಂಗ್ಲಿಷ್ ಪದವನ್ನ ಅಶ್ಲೀಲ ಅಂತ ಪಟ್ಟಿಗೆ ಸೇರಿಸಿತು. ಸ್ತನ ಕ್ಯಾನ್ಸರ್ ಬಂದ ಹೆಂಗಸರು ಅಲ್ಲೇ ಒಬ್ಬರಿಗೊಬ್ಬರು ಧೈರ್ಯ ಹೇಳ್ಕೊಳ್ತಿದ್ದರು, ಅವರ ಮಾತೇ ನಿಂತುಹೋಯಿತು. ಗಲಾಟೆ ಮಾಡಿದ ಮೇಲೆ ಕಂಪನಿ ಹಿಂದೆ ಸರಿಯಿತು. ಮರುವರ್ಷ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಖಾತೆ ತೆರೆಯೋಕೇ ಬಿಡಲಿಲ್ಲ, ಯಾಕಂದ್ರೆ ಊರಿನ ಹೆಸರಿನ ಹೊಟ್ಟೆಯೊಳಗೆ ಒಂದು ಬೈಗುಳದ ಅಕ್ಷರಗಳಿದ್ದವು! ಇಂಥ ಎಡವಟ್ಟಿಗೆ ಇವತ್ತಿಗೂ ಸ್ಕನ್‌ಥಾರ್ಪ್ ಸಮಸ್ಯೆ ಅಂತಲೇ ಹೆಸರು. ಊರ ಹೆಸರಿಗೆ ಅವರು ನಕ್ಕು ಸುಮ್ಮನಾಗಬಹುದು. ಕುಲದ ಹೆಸರಿಗೆ ನಾವು ನಗೋದು ಕಷ್ಟ.

ಆಮೇಲೆ ಬಂದದ್ದು ಕಲಿಯೋ ಮಿಷನ್ನು. 2017ರ ಫೆಬ್ರವರಿಯಲ್ಲಿ ಗೂಗಲ್ ಕಡೆಯ ಜಿಗ್ಸಾ ಸಂಸ್ಥೆ ‘ಪರ್ಸ್ಪೆಕ್ಟಿವ್’ ಅನ್ನೋದನ್ನ ಹೊರಗೆ ಬಿಟ್ಟಿತು. ವಾಕ್ಯ ಕೊಟ್ಟರೆ ಅದೆಷ್ಟು ವಿಷ ಅಂತ ಅಂಕ ಹಾಕುತ್ತೆ. ಅದೇ ವರ್ಷ ಜನ ಪರೀಕ್ಷೆ ಮಾಡಿ ನೋಡಿದರು. ‘ನಾನು ಗಂಡಸು’ ಅಂದರೆ ನೂರಕ್ಕೆ 20. ‘ನಾನು ಸಲಿಂಗಿ ಕಪ್ಪು ಹೆಂಗಸು’ ಅಂದರೆ 87. ಅವಳು ಯಾರಿಗೂ ಬೈದಿಲ್ಲ, ತಾನು ಯಾರು ಅಂತ ಹೇಳಿದ್ದಾಳೆ ಅಷ್ಟೇ.

ಯಾಕೆ ಹೀಗಾಯ್ತು ಅಂತ ಗೂಗಲ್‌ನ ಸಂಶೋಧಕರೇ ಮರುವರ್ಷ ಬರೆದರು. ಮಿಷನ್ನು ಪಾಠ ಕಲಿತದ್ದು ವಿಕಿಪೀಡಿಯಾದ ಚರ್ಚಾಪುಟಗಳಲ್ಲಿ ಜನ ಜಗಳ ಆಡಿದ ಕಾಮೆಂಟುಗಳಿಂದ. ಅಲ್ಲಿ ‘ಸಲಿಂಗಿ’ ಅನ್ನೋ ಪದ ಹೆಚ್ಚಾಗಿ ಬರ್ತಿದ್ದದ್ದೇ ಬೈಗುಳದಲ್ಲಿ. ಹಾಗಾಗಿ ಬೈದವನ ತಪ್ಪನ್ನ ಮಿಷನ್ನು ಬೈಸಿಕೊಂಡವನ ಹೆಸರಿಗೆ ಅಂಟಿಸಿತು. ಈ ಸಾಲನ್ನ ಇನ್ನೊಂದು ಸಲ ಓದಿ. ಇದು ನಮಗೆ ಹೊಸದಾ? ಮೈಲಿಗೆ ಅನ್ನೋದರ ಲೆಕ್ಕಾಚಾರವೂ ಇದೇ ಅಲ್ವಾ?

ಹೊಲೆಯ ಅನ್ನೋ ಪದವನ್ನೇ ತಗೊಳ್ಳಿ. ರಾಷ್ಟ್ರಪತಿಗಳು 1950ರಲ್ಲಿ ಹೊರಡಿಸಿದ ಪರಿಶಿಷ್ಟ ಜಾತಿ ಆದೇಶದ ಪಟ್ಟಿಯಲ್ಲಿ ಅದಿದೆ. ತಹಶೀಲ್ದಾರರು ಸಹಿ ಹಾಕಿದ ಜಾತಿ ಪ್ರಮಾಣಪತ್ರದಲ್ಲಿದೆ. ಊರ ಜಗಲಿ ಮೇಲೆ ಕೂತವನ ಬಾಯಲ್ಲಿ ಅದೇ ಪದ ಉಗುಳು. 1975ರಲ್ಲಿ ಸಿದ್ದಲಿಂಗಯ್ಯನವರ ಮೊದಲ ಸಂಕಲನ ‘ಹೊಲೆಮಾದಿಗರ ಹಾಡು’ ಬಂತಲ್ಲ, ಅದರ ಮುಖಪುಟದ ಮೇಲೆ ಆ ಪದ ಎದೆ ಎತ್ತಿ ನಿಂತಿತ್ತು. ಬೈಗುಳವಾಗಿದ್ದನ್ನ ಕಸಿದುಕೊಂಡು ಹಾಡು ಮಾಡಿದ್ದೇ ನಮ್ಮ ದಲಿತ ಸಾಹಿತ್ಯದ ಮೊದಲ ಕೆಲಸ. ಪ್ರಮಾಣಪತ್ರ, ಉಗುಳು, ಹಾಡು ಮೂರೂ ಒಂದೇ ಅಕ್ಷರ. ಯಾರು ಹೇಳಿದರು, ಯಾರಿಗೆ ಹೇಳಿದರು, ಎಲ್ಲಿ ನಿಂತು ಹೇಳಿದರು ಅನ್ನೋದರ ಮೇಲೆ ಅರ್ಥ. ಮಿಷನ್ನಿಗೆ ಕಾಣೋದು ಅಕ್ಷರ ಮಾತ್ರ.

ಮಾತಿನ ಧಾಟಿಯದ್ದೂ ಇದೇ ಕಥೆ. 2019ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು: ಕಪ್ಪು ಜನ ತಮ್ಮ ಮನೆಮಾತಿನ ಇಂಗ್ಲಿಷಿನಲ್ಲಿ ಬರೆದ ಟ್ವೀಟುಗಳನ್ನ ಇಂಥ ಮಿಷನ್ನುಗಳು ಬೇರೆಯವರದ್ದಕ್ಕಿಂತ ಎರಡು ಪಟ್ಟುವರೆಗೂ ಹೆಚ್ಚಾಗಿ ‘ಆಕ್ಷೇಪಾರ್ಹ’ ಅಂತ ಗುರುತು ಹಾಕ್ತವೆ. ನಮ್ಮ ಕೇರಿಯಲ್ಲಿ ಅಜ್ಜಿ ಮೊಮ್ಮಗನನ್ನ ‘ಬಡ್ಡೆತ್ತದ್ದೇ’ ಅಂದ್ರೆ ಅದು ಮುದ್ದು. ಅಗ್ರಹಾರದ ಕನ್ನಡದಲ್ಲಿ ಕಲಿತ ಮಿಷನ್ನಿಗೆ ಅದು ಅಪರಾಧ.

ಕನ್ನಡದ ವಿಷಯ ಇನ್ನೂ ಬೇರೆ. 2020ರಲ್ಲಿ ಕೆಲವು ಸಂಶೋಧಕರು ಯೂಟ್ಯೂಬಿನ ಕನ್ನಡ-ಇಂಗ್ಲಿಷ್ ಬೆರಕೆ ಕಾಮೆಂಟುಗಳನ್ನ ಸೇರಿಸಿ, ಮಿಷನ್ನಿಗೆ ಕಲಿಸೋಕೆ ಒಂದು ಸಂಗ್ರಹ ಮಾಡಿದರು. 7,600ಕ್ಕೂ ಸ್ವಲ್ಪ ಹೆಚ್ಚು ಕಾಮೆಂಟು. ಯಾರೂ ಮಾಡದಿದ್ದಾಗ ಮಾಡಿದರು, ಅವರ ಮೇಲೆ ನನಗೆ ಗೌರವ ಇದೆ. ಆದ್ರೆ ಅಲ್ಲಿನ ವಿಂಗಡಣೆ ನೋಡಿ: ವ್ಯಕ್ತಿಗೆ ಬೈದದ್ದು, ಗುಂಪಿಗೆ ಬೈದದ್ದು, ಸುಮ್ಮನೆ ಬೈದದ್ದು, ಬೈಗುಳ ಅಲ್ಲದ್ದು, ಕನ್ನಡವೇ ಅಲ್ಲದ್ದು ಹೀಗೆ. ಜಾತಿ ಅಂತ ಬೇರೆ ಮನೆಯೇ ಇಲ್ಲ. ಸಿನಿಮಾ ನಟನ ಅಭಿಮಾನಿಗಳಿಗೆ ಬೈದದ್ದೂ ಗುಂಪು, ಮಾದಿಗರಿಗೆ ಬೈದದ್ದೂ ಗುಂಪು.

ಇತ್ತ ನಿಜವಾದ ದ್ವೇಷ ಏನಾಯ್ತು? ಈಕ್ವಾಲಿಟಿ ಲ್ಯಾಬ್ಸ್ ಅನ್ನೋ ದಲಿತ ನಾಯಕತ್ವದ ಸಂಸ್ಥೆ 2019ರಲ್ಲಿ ಫೇಸ್‌ಬುಕ್ ಇಂಡಿಯಾ ಬಗ್ಗೆ ವರದಿ ಕೊಟ್ಟಿತು. ಅವರು ದೂರು ಕೊಟ್ಟ ದ್ವೇಷದ ಪೋಸ್ಟುಗಳಲ್ಲಿ ಶೇ. 93 ಅಲ್ಲೇ ಉಳಿದಿದ್ದವು. ಜಾತಿ ದ್ವೇಷದಲ್ಲಿ ದೊಡ್ಡ ಪಾಲು ಮೀಸಲಾತಿ ವಿರೋಧದ ವೇಷದಲ್ಲಿತ್ತು. 2021ರಲ್ಲಿ ಫೇಸ್‌ಬುಕ್ಕಿನ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗನ್ ಹೊರಗೆ ಹಾಕಿದ ದಾಖಲೆಗಳು ಹಿಂದಿ, ಬಂಗಾಳಿಯಲ್ಲೂ ದ್ವೇಷ ಹಿಡಿಯೋ ವ್ಯವಸ್ಥೆಯ ಕೊರತೆಯಿಂದ ಬಹಳಷ್ಟು ಪೋಸ್ಟು ಗುರುತೇ ಆಗ್ತಿಲ್ಲ ಅಂದವು. ಹಿಂದಿಯ ಪಾಡೇ ಹೀಗಂದ ಮೇಲೆ ಕನ್ನಡದ್ದು ನೀವೇ ಊಹಿಸಿ.

ನಮ್ಮ ಗುಂಪಿನ ಒಬ್ಬ ಅಕ್ಕ ತಮ್ಮೂರ ಜಾತ್ರೆ ದಿನ ನಡೆದದ್ದನ್ನ ಒಂದು ದೊಡ್ಡ ಜಾಲತಾಣದಲ್ಲಿ ಬರೆದರು. ದೇವಸ್ಥಾನದ ಮೆಟ್ಟಿಲ ಹತ್ತಿರ ಒಬ್ಬ ಜಾತಿ ಹೆಸರು ಹಿಡಿದು ಏನಂದ ಅನ್ನೋದನ್ನ ಅಂದ ಹಾಗೇ ಬರೆದರು. ಹತ್ತು ನಿಮಿಷದೊಳಗೆ ಪೋಸ್ಟು ಮಾಯ. ‘ನಮ್ಮ ಸಮುದಾಯದ ನಿಯಮಗಳಿಗೆ ವಿರುದ್ಧ’ ಅಂತ ಒಂದು ಸಾಲು. ಯಾವ ಸಮುದಾಯ ಸ್ವಾಮಿ? ಅವರು ಎರಡನೇ ಸಲ ಚುಕ್ಕಿ ಇಟ್ಟು ಬರೆದರು, ಉಳೀತು. ಅದರ ಕೆಳಗೆ ಒಬ್ಬ ಮಹಾಶಯ ಬಂದು, ‘ಕಾನೂನು ದುರುಪಯೋಗ ಮಾಡ್ಕೊಳ್ಳೋದು ನಿಮ್ಮವರಿಗೆ ಚೆನ್ನಾಗಿ ಗೊತ್ತು ಬಿಡಿ ಮೇಡಂ’ ಅಂತ ನಮಸ್ಕಾರದ ಚಿತ್ರ ಬೇರೆ ಹಾಕಿದ. ಒಂದು ಕೆಟ್ಟ ಪದ ಇಲ್ಲ. ಮೇಡಂ ಅಂದಿದ್ದಾನೆ, ನಮಸ್ಕಾರ ಮಾಡಿದ್ದಾನೆ. ದೂರು ಕೊಟ್ಟರೂ ಅದು ಇವತ್ತಿಗೂ ಅಲ್ಲೇ ಇದೆ. ‘ನಿಮ್ಮ ಮನೆದೇವರು ಯಾವುದು?’ ಅಂತ ಕೇಳಿ ಬಾಡಿಗೆ ಮನೆ ಇಲ್ಲ ಅನ್ನೋ ಜನ ಇವರು. ನಯವಾಗಿ ಮಾತಾಡೋ ಜಾತಿವಾದ ಮಿಷನ್ನಿನ ಜರಡಿಯಲ್ಲಿ ಸಲೀಸಾಗಿ ಇಳಿದುಹೋಗುತ್ತೆ, ಗಂಟಲು ಕಟ್ಟಿ ಕೂಗಿದ ನಮ್ಮ ಮಾತು ಮೇಲೆ ಸಿಕ್ಕಿಹಾಕಿಕೊಳ್ಳುತ್ತೆ.

ಆ ಅಕ್ಕ ಈಗ ಬರೆಯೋದೇ ಕಡಿಮೆ. ಬರೆದರೂ ‘ನಿನ್ನೆ ಊರಲ್ಲಿ ಬೇಜಾರಿನ ಘಟನೆ ನಡೀತು’ ಅಂತ ಬರೀತಾರೆ. ಏನು ಘಟನೆ, ಯಾರು, ಏನಂದರು, ಒಂದೂ ಇಲ್ಲ. ಕೆಳಗೆ ನಾವೆಲ್ಲ ‘ಧೈರ್ಯವಾಗಿರಿ ಅಕ್ಕ’ ಅಂತೀವಿ. ಅಳಿಸಿಹೋದ ಪೋಸ್ಟುಗಳನ್ನಾದರೂ ಯಾರೋ ಲೆಕ್ಕ ಇಡ್ತಾರೆ. ಬರೆಯದೇ ಬಿಟ್ಟ ವಾಕ್ಯಕ್ಕೆ ಲೆಕ್ಕ ಇಡೋರು ಯಾರು? ಲಾಹೋರಿನವರು ಹೇಳಿದರೂ ಬಾಬಾಸಾಹೇಬರು ಅಲ್ಪವಿರಾಮ ಬಿಡಲಿಲ್ಲ. ನಾವು ಯಾರೂ ಹೇಳದೆಯೇ ಪದದೊಳಗೆ ಚುಕ್ಕಿ ಇಡ್ತಿದ್ದೀವಿ.

ಇದು ಬರೀ ಮನಸ್ಸಿನ ನೋವಿನ ವಿಷಯ ಅಲ್ಲ, ಕೇಸಿನ ವಿಷಯ. 1989ರ ದೌರ್ಜನ್ಯ ತಡೆ ಕಾಯ್ದೆಯ 3(1)(ಎಸ್) ಕಲಂ ಏನು ಹೇಳುತ್ತೆ? ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಜಾತಿ ಹೆಸರು ಹಿಡಿದು ಬೈದರೆ ಅಪರಾಧ. ದೂರು ಬರೆಯೋವಾಗ ಏನಂದ ಅನ್ನೋದನ್ನ ಅಂದ ಹಾಗೇ ಬರೆಸಿ ಅಂತ ನಾವು ಊರೂರಲ್ಲಿ ಹೇಳಿಕೊಡ್ತೀವಿ, ಯಾಕಂದ್ರೆ ಆ ಪದ ಇಲ್ಲದಿದ್ರೆ ಎಫ್‌ಐಆರ್ ತೆಳ್ಳಗಾಗುತ್ತೆ. ಇಂಟರ್ನೆಟ್ಟಿನಲ್ಲಿ ಬೈದರೂ ಇದೇ ಕಾಯ್ದೆ ಅನ್ವಯ ಆಗುತ್ತೆ ಅಂತ 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಅಂದ್ರೆ ಕಾನೂನು ಯಾವ ಪದವನ್ನ ಹೇಳು ಅಂತ ಕೇಳುತ್ತೋ, ಮಿಷನ್ನು ಅದನ್ನೇ ಒರೆಸುತ್ತೆ. ಬೈದವನ ಪೋಸ್ಟನ್ನ ಮಿಷನ್ನು ತಾನಾಗೇ ತೆಗೆದರೂ ಕಷ್ಟವೇ, ಸ್ಕ್ರೀನ್‌ಶಾಟ್ ಇಲ್ಲದಿದ್ರೆ ಸಾಕ್ಷಿಯೂ ಅದರ ಜೊತೆ ಹೋಯ್ತು.

ಹಾಗಂತ ಮಿಷನ್ನೇ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮ ಹೆಣ್ಣುಮಕ್ಕಳ ಇನ್‌ಬಾಕ್ಸಿಗೆ ಏನೇನು ಬರುತ್ತೆ ಅಂತ ಅವರನ್ನೇ ಕೇಳಿ. ಅದನ್ನೆಲ್ಲ ಮನುಷ್ಯರೇ ಕೂತು ನೋಡಬೇಕು ಅಂದ್ರೆ ಅದೂ ಇನ್ನೊಬ್ಬರ ಹೊಲಸನ್ನ ಬಡವರ ಕೈಲಿ ಎತ್ತಿಸೋ ಕೆಲಸವೇ. ಆ ಕೆಲಸ ಮಾಡಿ ಮನಸ್ಸು ಕೆಟ್ಟವರಿಗೆ 2020ರಲ್ಲಿ ಫೇಸ್‌ಬುಕ್ ಅಮೆರಿಕದಲ್ಲಿ 5.2 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿಕೊಂಡಿತು. ಅದೇ ವರ್ಷ ಕೋವಿಡ್‌ನಲ್ಲಿ ಯೂಟ್ಯೂಬ್ ಮನುಷ್ಯರನ್ನ ಮನೆಗೆ ಕಳಿಸಿ ಮಿಷನ್ನಿಗೆ ಹೆಚ್ಚು ಅಧಿಕಾರ ಕೊಟ್ಟಾಗ, ಮೂರೇ ತಿಂಗಳಲ್ಲಿ 1.14 ಕೋಟಿ ವಿಡಿಯೋ ಹಾರಿಹೋದವು. ಮೇಲ್ಮನವಿ ಹಾಕಿದ್ದು ಸುಮಾರು 3.25 ಲಕ್ಷ. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ವಾಪಸ್ ಬಂದವು. ಕೇಳಿದವರಲ್ಲಿ ಅರ್ಧ ಜನಕ್ಕೆ ನ್ಯಾಯ ಸಿಕ್ಕಿತು. ಕೇಳಿದವರು ಎಷ್ಟು ಕಡಿಮೆ ನೋಡಿ.

ಕೇಳೋಕೆ ನಮಗೂ ದಾರಿ ಇದೆ. 2021ರ ಫೆಬ್ರವರಿಯ ಮಾಹಿತಿ ತಂತ್ರಜ್ಞಾನ ನಿಯಮಗಳ ಬಗ್ಗೆ ನನಗೆ ಬೇರೆ ನೂರು ತಕರಾರಿವೆ, ಇನ್ನೊಂದು ದಿನ ಬರೀತೀನಿ. ಆದ್ರೆ ಅದರ 4(8)ನೇ ನಿಯಮ ನಮ್ಮ ಉಪಯೋಗಕ್ಕೆ ಬರುತ್ತೆ. 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರೋ ಜಾಲತಾಣ ತಾನಾಗಿಯೇ ಪೋಸ್ಟ್ ತೆಗೆಯೋ ಮುಂಚೆ ಬರೆದವರಿಗೆ ಕಾರಣ ತಿಳಿಸಬೇಕು, ತಕರಾರು ಹೇಳೋಕೆ ಅವಕಾಶ ಕೊಡಬೇಕು. ಅಂದ್ರೆ ಹಿಂಬರಹ! ಪ್ರತಿ ಜಾಲತಾಣಕ್ಕೂ ಕುಂದುಕೊರತೆ ಅಧಿಕಾರಿ ಇರ್ತಾರೆ. ದೂರು ಮುಟ್ಟಿದೆ ಅಂತ 24 ಗಂಟೆಯಲ್ಲಿ ಹೇಳಬೇಕು, ನಿಯಮದ ಗಡುವಿನೊಳಗೆ ಮುಗಿಸಬೇಕು. ಒಪ್ಪಿಗೆ ಆಗದಿದ್ರೆ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ ಹೋಗಬಹುದು. 2023ರ ಜನವರಿಯಲ್ಲಿ ಅಂಥ ಮೂರು ಸಮಿತಿ ಮಾಡಿದ್ದಾರೆ.

ಕನ್ನಡ, ಇಂಗ್ಲಿಷ್ ಎರಡರಲ್ಲೂ ಅರ್ಜಿ ನಮೂನೆ ಟೈಪ್ ಮಾಡಿಟ್ಟಿದ್ದೀನಿ. ಪೋಸ್ಟು ಹೋದ ತಾರೀಖು, ಸಮಯ, ಬರೆದದ್ದರ ಪ್ರತಿ, ಬಂದ ಸಂದೇಶದ ಸ್ಕ್ರೀನ್‌ಶಾಟ್ ಇಷ್ಟು ಜೋಡಿಸಿದರೆ ಸಾಕು. ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಸಂಜೆ ಆರರ ಮೇಲೆ ಕೂತು ತುಂಬಿಕೊಡ್ತೀನಿ. ಜಾತ್ರೆಯ ಆ ಮೊದಲ ಪೋಸ್ಟನ್ನ, ಚುಕ್ಕಿ ಇಲ್ಲದ್ದನ್ನ, ವಾಪಸ್ ಹಾಕಿ ಅಂತ ಅಕ್ಕ ಅರ್ಜಿ ಕಳಿಸಿದ್ದಾರೆ. ಬರೋ ಶುಕ್ರವಾರಕ್ಕೆ ಆ ಗಡುವು ಮುಗಿಯುತ್ತೆ. ಅವರ ಒಪ್ಪಿಗೆ ತಗೊಂಡಿದ್ದೀನಿ. ಉತ್ತರ ಬಂದರೆ ಅರ್ಜಿ, ಉತ್ತರ ಎರಡನ್ನೂ ಇಲ್ಲೇ ಹಾಕ್ತೀನಿ. ಬರದಿದ್ರೆ ಅರ್ಜಿಯನ್ನ ತಾರೀಖಿನ ಸಮೇತ ಹಾಕ್ತೀನಿ.

ಜೈಭೀಮ್.