ಜನಪ್ರಿಯ ಕಾದಂಬರಿ ಮತ್ತು ಅದರ ಆಕ್ಷೇಪಕರು: ಅನಕೃ ವಾಗ್ವಾದದ ಹಿನ್ನೆಲೆ

ಆಧುನಿಕ ಕನ್ನಡ ಸಾಹಿತ್ಯದ ಮೇಲೆ ಇಂಗ್ಲಿಷ್ ರಮ್ಯ ಸಂಪ್ರದಾಯದ ಪ್ರಭಾವವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಭಾವಗೀತೆಗೆ ಸೀಮಿತವಾಗಿದೆ. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ (1926) ಸಂಕಲನದಿಂದ ಆ ಚರ್ಚೆ ಆರಂಭವಾಗುವುದು ಸಹಜವೇ. ಆದರೆ ಆ ಪರಂಪರೆ ಗೀತೆಯ ಜೊತೆಗೆ ಜನಪ್ರಿಯ ಕಾದಂಬರಿಯ ಬಗೆಗಿನ ಒಂದು ಅಸಹನೆಯನ್ನೂ ಹೊತ್ತು ತಂದಿತ್ತು. 1950ರ ಆಸುಪಾಸಿನಲ್ಲಿ ಅನಕೃ ಅವರ ಕಾದಂಬರಿಗಳನ್ನು ಕುರಿತು ಎದ್ದ ವಿವಾದವನ್ನು ಈ ಹಿನ್ನೆಲೆಯಲ್ಲಿ ಮತ್ತೆ ನೋಡಬೇಕಾಗಿದೆ.

ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿ ವಿಲಿಯಂ ಲೇನ್ ನಡೆಸುತ್ತಿದ್ದ ಮಿನರ್ವಾ ಪ್ರೆಸ್ 1790ರಿಂದ ಮೂರು ದಶಕಗಳ ಕಾಲ ಭಯಾನಕ ಹಾಗೂ ಭಾವುಕ ಕಾದಂಬರಿಗಳನ್ನು ಹೇರಳವಾಗಿ ಅಚ್ಚು ಮಾಡಿತು. ಲೇಖಕರಲ್ಲಿ ಅನೇಕರು ಮಹಿಳೆಯರು. ಪುಸ್ತಕಗಳು ಬಾಡಿಗೆ ಗ್ರಂಥಾಲಯಗಳ ಮೂಲಕ ಓದುಗರನ್ನು ತಲುಪುತ್ತಿದ್ದವು. ವರ್ಡ್ಸ್‌ವರ್ತ್ ‘ಲಿರಿಕಲ್ ಬ್ಯಾಲಡ್ಸ್’ನ 1800ರ ಪೀಠಿಕೆಯಲ್ಲಿ ಇಂಥ ಕಾದಂಬರಿಗಳು ಶ್ರೇಷ್ಠ ಕವಿಗಳನ್ನು ಮೂಲೆಗೆ ತಳ್ಳುತ್ತಿವೆಯೆಂದು ದೂರಿದನು. ಕೋಲ್‌ರಿಜ್ 1817ರ ‘ಬಯಾಗ್ರಫಿಯಾ ಲಿಟರೇರಿಯಾ’ದಲ್ಲಿ ಬಾಡಿಗೆ ಪುಸ್ತಕದ ಓದನ್ನು ಓದೆಂದು ಕರೆಯಲೇ ನಿರಾಕರಿಸಿದನು. ಅದೇ ವರ್ಷದ ಕೊನೆಗೆ ಹೊರಬಂದ ‘ನಾರ್ತ್ಯಾಂಗರ್ ಅಬಿ’ಯಲ್ಲಿ ಜೇನ್ ಆಸ್ಟಿನ್ ಮಾತ್ರ, ಕಾದಂಬರಿಕಾರರೇ ಕಾದಂಬರಿಯನ್ನು ಹಳಿಯುವ ರೂಢಿಯನ್ನು ಬಹಿರಂಗವಾಗಿ ಖಂಡಿಸಿದಳು.

ಕನ್ನಡದಲ್ಲಿ ಮೊದಲು ಇಂಥ ಅಸಹನೆ ಪ್ರಬಲವಾಗಿರಲಿಲ್ಲ. ಬಂಕಿಮಚಂದ್ರರನ್ನು ಅನುವಾದಿಸಿದ ಬಿ. ವೆಂಕಟಾಚಾರ್ಯರೂ ಗಳಗನಾಥರೂ ಓದುಗರನ್ನು ಸೃಷ್ಟಿಸಿದವರೆಂದೇ ಗೌರವ ಪಡೆದರು. ಓದುಗ ವರ್ಗವೇ ವಿರಳವಾಗಿದ್ದಾಗ ಅದನ್ನು ಬೆಳೆಸುವುದೇ ಪುಣ್ಯಕಾರ್ಯ. ಓದುಗರ ಸಂಖ್ಯೆ ಬೆಳೆದು, ಬರಹವೇ ಜೀವನೋಪಾಯವಾಗಬಹುದೆಂಬ ಸ್ಥಿತಿ ಬಂದಾಗ ಮಾತಿನ ಧಾಟಿ ಬದಲಾಯಿತು. 1934ರ ‘ಜೀವನಯಾತ್ರೆ’ಯಿಂದ ಆರಂಭಿಸಿ ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಅನಕೃ ಈ ಬದಲಾವಣೆಯ ಮುಖ್ಯ ನಿದರ್ಶನ. ಅವರು ಹೊರಗಿನವರಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನಲ್ಲಿ ಶ್ರೀಯವರು ಉಪಾಧ್ಯಕ್ಷರಾಗಿದ್ದರು (1938–43). ಅದೇ ಸಂಸ್ಥೆಯ ‘ಕನ್ನಡ ನುಡಿ’ಯನ್ನು ಅನಕೃ ಸಂಪಾದಿಸಿದ್ದರು. ಗೀತೆಯ ಮನೆಯಲ್ಲೇ ಕಾದಂಬರಿಗೂ ಜಾಗವಿತ್ತು.

ವೇಶ್ಯಾಸಮಸ್ಯೆಯನ್ನು ವಸ್ತುವಾಗಿಸಿಕೊಂಡ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಪ್ರಕಟವಾದಾಗ ಅಶ್ಲೀಲತೆಯ ಆಪಾದನೆ ಬಂದಿತು. ಕೋಲ್‌ರಿಜ್‌ನನ್ನು ಪಕ್ಕದಲ್ಲಿಟ್ಟುಕೊಂಡು ಯಾರೂ ಅನಕೃ ಅವರನ್ನು ಟೀಕಿಸಲಿಲ್ಲ, ನಿಜ. ನಾಡಿನ ಮಡಿವಂತಿಕೆಗೆ ಪರದೇಶದ ಪ್ರೇರಣೆ ಬೇಕಾಗಿಯೂ ಇರಲಿಲ್ಲ. ಆದರೂ ಆತಂಕದ ರೂಪ ಒಂದೇ: ಕೃತಿ ಹೇಗಿದೆ ಎಂಬುದಕ್ಕಿಂತ ಅದು ಯಾರ ಕೈಗೆ ಸಿಕ್ಕೀತು ಎಂಬ ಚಿಂತೆ.

ಅನಕೃ ನೀಡಿದ ಉತ್ತರ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥ. ಇದು ಧೈರ್ಯದ ಕೃತಿ. ಆದರೆ ಅದರ ಶೀರ್ಷಿಕೆಯೇ ಆಕ್ಷೇಪಕರು ಒಡ್ಡಿದ ಪ್ರಶ್ನೆಯನ್ನು ಚರ್ಚೆಯ ಕಣವೆಂದು ಒಪ್ಪಿಕೊಂಡಿದೆ. ಪ್ರಗತಿಶೀಲ ಚಳವಳಿಯ ನಾಯಕರಾಗಿ ಅವರು ಸಾಹಿತ್ಯಕ್ಕೆ ಸಾಮಾಜಿಕ ಪ್ರಯೋಜನವಿರಬೇಕೆಂದು ವಾದಿಸಿದವರು. ಆ ನೆಲೆಯಲ್ಲಿ ‘ನಗ್ನಸತ್ಯ’ವನ್ನು ಸಮರ್ಥಿಸಬಹುದು, ರಾತ್ರಿ ದೀಪ ಆರಿಸದೆ ಕಥೆಗಾಗಿಯೇ ಓದುವ ಓದುಗಳನ್ನು ಸಮರ್ಥಿಸಲಾಗದು. ಆಸ್ಟಿನ್ ಓದಿನ ಸಂತೋಷವನ್ನೇ ಎತ್ತಿಹಿಡಿದಿದ್ದಳು. ಇಲ್ಲಿ ಆ ಸಂತೋಷಕ್ಕೆ ವಕೀಲರು ದೊರೆಯಲಿಲ್ಲ. ಮುಂದೆ ನವ್ಯ ವಿಮರ್ಶೆ ಜನಪ್ರಿಯತೆಯನ್ನೇ ಸಂಶಯದಿಂದ ಕಂಡಾಗ ತ್ರಿವೇಣಿಯವರಂಥ ಲೇಖಕಿಯರೂ ಬಹುಕಾಲ ‘ಮಹಿಳಾ ಕಾದಂಬರಿ’ ಎಂಬ ಪಕ್ಕದ ಕೋಣೆಯಲ್ಲಿ ಉಳಿಯಬೇಕಾಯಿತು.

ಇದರ ಪರಿಣಾಮ ಸಾಹಿತ್ಯಚರಿತ್ರೆಯಲ್ಲಷ್ಟೇ ಅಲ್ಲ, ಆಕರಗಳಲ್ಲೂ ಕಾಣುತ್ತದೆ. ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ಓಡಾಡಿದ ಪ್ರತಿ ಓದಿಗೇ ಸವೆದುಹೋಗುವಂಥದು. ಮಹತ್ತ್ವದ್ದೆಂದು ಎಣಿಸದ ಪುಸ್ತಕಕ್ಕೆ ಎರಡನೆಯ ರಟ್ಟು ಹಾಕಿಸುವವರು ಕಡಿಮೆ. ಸಂಶೋಧಕನಿಗೆ ಸಾಮಾನ್ಯವಾಗಿ ದೊರೆಯುವುದು ಲೇಖಕನ ಮಾತು ಮತ್ತು ವಿಮರ್ಶಕನ ಮಾತು. ಓದುಗಳ ಮಾತು ದೊರೆಯುವುದು ಅಪರೂಪ. ಆಕೆಯ ಗುರುತು ಉಳಿಯಬಹುದಾದ ಜಾಗ ಪುಸ್ತಕದ ಕೊನೆಯ ಹಾಳೆಗೆ ಅಂಟಿಸಿದ, ಹಿಂತಿರುಗಿಸಬೇಕಾದ ದಿನಾಂಕಗಳ ಚೀಟಿ. ಹಳೆಯ ಪ್ರತಿಯನ್ನು ಹೊಸ ರಟ್ಟಿಗೆ ಕೊಡುವಾಗ ಮೊದಲು ಕಿತ್ತುಹೋಗುವುದೂ ಅದೇ ಹಾಳೆ.