ಕೆಜಿಎಫ್: 121 ವರ್ಷ ಚಿನ್ನ ಕೊಟ್ಟ ಊರಿಗೆ ಉಳಿದದ್ದೇನು?

ಕೋಲಾರ: ಮಳೆ ಕಡಿಮೆ, ವರ್ಷವಿಡೀ ಹರಿಯುವ ನದಿಯಿಲ್ಲ. ಇಂಥ ಬರಡು ನೆಲದಲ್ಲಿ ಕೆಜಿಎಫ್ ಎಂಬ ಪಟ್ಟಣ ಎದ್ದು ನಿಂತದ್ದು ಚಿನ್ನದಿಂದಲೇ.

ಮಾರಿಕುಪ್ಪಂ ಬಳಿ ಸ್ಥಳೀಯರು ಮಣ್ಣು ಜಾಲಿಸಿ ಚಿನ್ನ ತೆಗೆಯುತ್ತಿದ್ದುದನ್ನು 1802ರಲ್ಲಿ ಬ್ರಿಟಿಷ್ ಅಧಿಕಾರಿ ಜಾನ್ ವಾರೆನ್ ಗಮನಿಸಿದರು. 1870ರ ದಶಕದಲ್ಲಿ ನಿವೃತ್ತ ಯೋಧ ಮೈಕೆಲ್ ಲ್ಯಾವೆಲ್ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿಗಾರಿಕೆ ಚುರುಕಾಯಿತು.

1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು. ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು 1905ರಲ್ಲಿ! ಕುಡಿಯುವ ನೀರು ಬೇತಮಂಗಲದ ಜಲಾಶಯದಿಂದ ಹರಿಯಿತು.

ತಮಿಳು, ತೆಲುಗು ಸೀಮೆಗಳಿಂದ ಬಂದ ಕಾರ್ಮಿಕರು ಚಾಂಪಿಯನ್ ರೀಫ್ ಗಣಿಯಲ್ಲಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದರು. ಒತ್ತಡಕ್ಕೆ ಬಂಡೆಗಳು ಸಿಡಿದು ಹಲವರು ಜೀವ ಕಳೆದುಕೊಂಡರು. ಒಟ್ಟು 800 ಟನ್‌ನಷ್ಟು ಚಿನ್ನ ಹೊರಬಂತು.

1956ರಲ್ಲಿ ಗಣಿಗಳು ಸರ್ಕಾರದ ವಶವಾದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ (ಬಿಜಿಎಂಎಲ್) ರಚನೆಯಾಯಿತು. ಆದರೆ ಆಳ ಹೆಚ್ಚಿದಂತೆ ಖರ್ಚು ಏರಿತು, ಅದಿರಿನಲ್ಲಿ ಚಿನ್ನದ ಪ್ರಮಾಣ ಕುಸಿಯಿತು. 2001ರ ಫೆಬ್ರವರಿ 28ರಂದು ಗಣಿಗಳಿಗೆ ಬೀಗ ಬಿತ್ತು. ಸಾವಿರಾರು ಕುಟುಂಬಗಳ ಆದಾಯ ನಿಂತಿತು.

ಈಗ ಊರಿನ ಗುರುತು ಸೈನೈಡ್ ದಿಬ್ಬಗಳು. ಚಿನ್ನ ಬೇರ್ಪಡಿಸಿದ ಮೇಲೆ ಸುರಿದ ಮಣ್ಣಿನ ರಾಶಿಗಳಿವು. ಗಾಳಿ ಬೀಸಿದರೆ ಇವುಗಳ ಧೂಳು ಮನೆಗಳಿಗೆ ನುಗ್ಗುತ್ತದೆ. ಉಳಿದಿರುವ ಚಿನ್ನದಂಶವನ್ನು ಈ ದಿಬ್ಬಗಳಿಂದ ತೆಗೆಯುವ ಪ್ರಸ್ತಾಪ ಆಗಾಗ ಸುದ್ದಿಯಾಗುತ್ತದೆ. ಇತ್ತ, ಗಣಿ ಕಾರ್ಮಿಕರ ಮಕ್ಕಳು ದಿನವೂ ಬೆಳಗಿನ ರೈಲು ಹತ್ತಿ ದುಡಿಯಲು ಬೆಂಗಳೂರಿಗೆ ಹೋಗುತ್ತಾರೆ.