ಮರದ ಪಾದದಿಂದ ಗಣಕದ ತೆರೆಗೆ

ಕ್ಯಾಲಿಬ್ರೇಷನ್

ಗಣಕದ ತೆರೆಯ ಮೇಲೆ ಉಜ್ವಲವಾಗಿದ್ದ ಮುಖಪುಟವು ಅಚ್ಚಾಗಿ ಬಂದಾಗ ಮಂಕಾದರೆ ಮುದ್ರಣಾಲಯಗಳಲ್ಲಿ ತಪ್ಪದೆ ಕೇಳಿಬರುವ ಈ ಶಬ್ದದ ಮೂಲವಾದ ‘ಕ್ಯಾಲಿಬರ್’ ಫ್ರೆಂಚಿನ ಮಾರ್ಗವಾಗಿ ಇಂಗ್ಲಿಷನ್ನು ಸೇರಿದುದಾದರೂ, ಅದರ ಹಿಂದೆ ಎರಕದ ಅಚ್ಚೆಂಬ ಅರ್ಥದ ಅರಬ್ಬಿಯ ‘ಕಾಲಿಬ್’ ಶಬ್ದವೂ, ಅದಕ್ಕೂ ಹಿಂದೆ, ಕೋಶಕಾರರು ಸಾಮಾನ್ಯವಾಗಿ ಒಪ್ಪುವಂತೆ, ಪಾದರಕ್ಷೆ ಹೊಲಿಯುವವನ ಮರದ ಅಚ್ಚನ್ನು ಸೂಚಿಸುವ ಗ್ರೀಕಿನ ‘ಕಾಲೊಪೂಸ್’ ಶಬ್ದವೂ ನಿಂತಿವೆ. ಇಲ್ಲಿಯ ‘ಕಾಲೊ’ ಎಂದರೆ ಮರ. ನಮ್ಮ ‘ಕಾಲಿ’ನೊಡನೆ ಅದಕ್ಕೆ ನಂಟು ಕಲ್ಪಿಸುವುದು ವ್ಯರ್ಥಸಾಹಸವೇ ಸರಿ. ಉತ್ತರಪದವಾದ ‘ಪೂಸ್’ ಮಾತ್ರ ಸಂಸ್ಕೃತದ ‘ಪಾದ’ಕ್ಕೆ ನಿಜವಾದ ಜ್ಞಾತಿ. ಉರ್ದುವಿನಲ್ಲಿ ‘ಕಾಲಿಬ್’ ಅಚ್ಚನ್ನಲ್ಲದೆ ದೇಹವನ್ನೂ ಹೇಳುತ್ತದೆ.

ಕೋವಿಯ ನಳಿಗೆಯ ಒಳವ್ಯಾಸವನ್ನೂ ಮನುಷ್ಯನ ಯೋಗ್ಯತೆಯನ್ನೂ ಸೂಚಿಸುತ್ತಿದ್ದ ‘ಕ್ಯಾಲಿಬರ್’ನಿಂದ 19ನೆಯ ಶತಮಾನದಲ್ಲಿ ‘ಕ್ಯಾಲಿಬ್ರೇಟ್’ ಎಂಬ ಕ್ರಿಯಾಪದವು ಹುಟ್ಟಿ, ಉಪಕರಣವನ್ನು ಪ್ರಮಾಣಕ್ಕೆ ಹೋಲಿಸಿ ಸರಿಪಡಿಸುವುದೆಂಬ ಅರ್ಥವು ರೂಢವಾಯಿತು.

ಮಂಕಾದ ಮುಖಪುಟದ ಮಾತಿಗೆ ಮರಳಿದರೆ, ತೆರೆಯ ಬಣ್ಣವು ಕೆಂಪು, ಹಸಿರು, ನೀಲಿ ಬೆಳಕುಗಳ ಕೂಡಿಕೆ. ಕಾಗದದ ಬಣ್ಣವೋ ಶಾಯಿಯು ಹೀರಿ ಉಳಿಸಿದ ಬೆಳಕು. ಮುದ್ರಿತ ಹಾಳೆಯನ್ನು ಪರೀಕ್ಷಿಸುವ ಪ್ರಮಾಣ ಬೆಳಕಿನ ವರ್ಣತಾಪ ಸುಮಾರು 5000 ಕೆಲ್ವಿನ್, ತೆರೆಯ ಬಿಳುಪು ಸಾಮಾನ್ಯವಾಗಿ 6500ರ ಆಸುಪಾಸು. ಈ ಅಂಕಿ ಇಳಿದಷ್ಟೂ ಬೆಳಕು ಹಳದಿಗೆ ವಾಲುತ್ತದೆ; ಆದುದರಿಂದ ತೆರೆಯ ಪಕ್ಕದಲ್ಲಿ ಹಾಳೆಯು ಹಳದಿಗೂಡಿದಂತೆ ತೋರುತ್ತದೆ. ವರ್ಣಮಾಪಕವನ್ನು ತೆರೆಗೆ ತಾಗಿಸಿ ಬಿಳುಪು, ಉಜ್ವಲತೆ, ನಡುಛಾಯೆಗಳ ಏರಿಳಿತವಾದ ಗಾಮಾ ಇವುಗಳನ್ನು ಗೊತ್ತಾದ ಮಿತಿಗೆ ತರುವುದಷ್ಟೇ ಕ್ಯಾಲಿಬ್ರೇಷನ್. ಅನಂತರ ಆ ತೆರೆಯ ವರ್ಣಸ್ವಭಾವವನ್ನು ದಾಖಲಿಸುವುದು ಪ್ರೊಫೈಲಿಂಗ್. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಸಡಿಲಪ್ರಯೋಗ. ಕಣ್ಣಂದಾಜಿನಿಂದ ಬೆಳಕು ತಗ್ಗಿಸಿ ‘ಕ್ಯಾಲಿಬ್ರೇಟ್ ಮಾಡಿದೆ’ನೆಂಬುದು ಅಪಪ್ರಯೋಗವೇ.

ಹಿಂದಿಯ ‘ಅಂಶಾಂಕನ’, ಕನ್ನಡದ ‘ಮಾಪನಾಂಕ ನಿರ್ಣಯ’ ಎಂಬ ರೂಪಗಳು ಉಷ್ಣಮಾಪಕದ ಮೇಲೆ ಗೀಟೆಳೆಯುವುದಕ್ಕೆ ಒಪ್ಪುವಷ್ಟು ತೆರೆಯ ಬಣ್ಣವನ್ನು ಹದಗೊಳಿಸುವುದಕ್ಕೆ ಒಪ್ಪವು.